‘ಕ್ಯಾಪಿಟಲ್ ಲೆಟರ್’ಗೆ ‘ದೊಡ್ಡಕ್ಷರ’ ಸರಿಯಾದ ಪದವೇ?

ಮಾನ್ಯರೇ,

ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಿರುವ ನನಗೆ ಒಂದು ಪದದ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಕ್ಯಾಪಿಟಲ್ ಲೆಟರನ್ನು ನಾವು ತರಗತಿಯಲ್ಲಿ ‘ದೊಡ್ಡಕ್ಷರ’ವೆಂದೂ ಸ್ಮಾಲ್ ಲೆಟರನ್ನು ‘ಚಿಕ್ಕಕ್ಷರ’ವೆಂದೂ ಹೇಳುತ್ತೇವೆ, ಮಕ್ಕಳಂತೂ ‘ದೊಡ್ಡ ಎಬಿಸಿಡಿ, ಚಿಕ್ಕ ಎಬಿಸಿಡಿ’ ಎಂದೇ ಕರೆಯುತ್ತಾರೆ. ನಮ್ಮ ಲಿಪಿಯಲ್ಲಿ ಈ ಭೇದವೇ ಇಲ್ಲದಿರುವುದರಿಂದ ಮಗುವಿಗೆ ಸಿಗುವ ಮೊದಲ ಸುಳಿವು ‘ದೊಡ್ಡ’ ಎಂಬ ಆ ವಿಶೇಷಣ. ಅದೇ ಎರಡು ಕಡೆ ದಾರಿ ತಪ್ಪಿಸುತ್ತಿದೆ ಎಂಬುದು ನನ್ನ ಅನುಭವ.

ಒಂದು, ಗಾತ್ರ. ಹೆಸರಿನ ಮೊದಲನೆಯದು ದೊಡ್ಡಕ್ಷರವಾಗಿರಬೇಕೆಂದು ಹೇಳಿದಾಗ ಒಬ್ಬ ಹುಡುಗ ನಾಲ್ಕು ಗೆರೆಯ ಕಾಪಿಯಲ್ಲಿ ಚಿಕ್ಕ ‘ಎ’ಯನ್ನೇ ಮೇಲಿನ ಗೆರೆಯಿಂದ ಕೆಳಗಿನ ಗೆರೆಯವರೆಗೆ ಉಬ್ಬಿಸಿ ಬರೆದು ತಂದು ತೋರಿಸಿದ. ನಾನು ಹೇಳಿದ ಮಾತನ್ನು ಅವನು ಅಕ್ಷರಶಃ ಪಾಲಿಸಿದ್ದ. ಸಿ, ಓ, ಎಸ್, ವಿ, ಎಕ್ಸ್, ಝಡ್ ಅಕ್ಷರಗಳಲ್ಲಿ ಹಾಗೆ ಹಿಗ್ಗಿಸಿದರೆ ಸಾಕಾಗುತ್ತದೆ. ಎ, ಡಿ, ಜಿ, ಆರ್ ಅಕ್ಷರಗಳಲ್ಲಿ ಆಕಾರವೇ ಬೇರೆ. ಇದರ ಮೇಲೆ, ಚಿಕ್ಕವೆಂದು ಹೇಳಿಕೊಡುವ ಬಿ, ಎಚ್, ಕೆ, ಎಲ್ ಅಕ್ಷರಗಳೂ ಕಾಪಿಯ ಮೇಲಿನ ಗೆರೆಯನ್ನು ಮುಟ್ಟುತ್ತವೆ; ಎತ್ತರದಲ್ಲಿ ಅವು ದೊಡ್ಡಕ್ಷರಕ್ಕೆ ಸರಿಸಮ.

ಇನ್ನೊಂದು ತೊಡಕು ಹೆಚ್ಚು ಆಳದ್ದು. ಕನ್ನಡದಲ್ಲಿ ‘ದೊಡ್ಡ’ ಎಂದರೆ ಗಾತ್ರವಷ್ಟೇ ಅಲ್ಲ. ದೊಡ್ಡವರು, ದೊಡ್ಡಪ್ಪ, ದೊಡ್ಡ ಮನುಷ್ಯ ಎಂಬಲ್ಲೆಲ್ಲ ಅದು ಹಿರಿತನವನ್ನೂ ಗೌರವವನ್ನೂ ಸೂಚಿಸುತ್ತದೆ. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ತನ್ನ ಮನೆಯ ಬಗ್ಗೆ ಬರೆದ ಐದಾರು ವಾಕ್ಯಗಳಲ್ಲಿ ‘ಟೀಚರ್’ ಎಂಬ ಪದಕ್ಕೆ ಪ್ರತಿ ಸಲವೂ ದೊಡ್ಡಕ್ಷರ ಹಾಕಿ, ಸಾಕುನಾಯಿಯ ಹೆಸರನ್ನು ಮಾತ್ರ ಚಿಕ್ಕಕ್ಷರದಿಂದ ಆರಂಭಿಸಿದ್ದಳು. ಕೇಳಿದಾಗ, ‘ನಾಯಿಗೆ ಯಾಕೆ ಮಿಸ್ ದೊಡ್ಡಕ್ಷರ?’ ಎಂದಳು. ‘ನಾನು’ ಎಂಬರ್ಥದ ‘ಐ’ಗೆ ಸದಾ ದೊಡ್ಡಕ್ಷರ, ‘ಯೂ’ಗೆ ವಾಕ್ಯದ ನಡುವೆ ಚಿಕ್ಕಕ್ಷರ ಎಂದಾಗಲೂ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ, ಎದುರಿನವರನ್ನು ‘ನೀವು’ ಎಂದು ಮೇಲಿರಿಸಿ ಮಾತಾಡಲು ಕಲಿತ ಮಗುವಿಗೆ ತನ್ನನ್ನೇ ದೊಡ್ಡದಾಗಿ ಬರೆದುಕೊಳ್ಳುವುದು ವಿಚಿತ್ರವಾಗಿ ಕಾಣುವುದು ಸಹಜವೇ. ಒಂಟಿಯಾಗಿ ನಿಂತ ಸಣ್ಣ ‘ಐ’ ಕೈಬರಹದಲ್ಲಿ ಕಣ್ತಪ್ಪಿಹೋಗುತ್ತಿತ್ತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಗೌರವದ ಮಾತು ಅಲ್ಲಿ ಬರುವುದಿಲ್ಲ. ಜರ್ಮನ್ ಭಾಷೆಯಲ್ಲಿ ‘ನೀವು’ ಎಂಬರ್ಥದ ‘ಜೀ’ಗೆ ದೊಡ್ಡಕ್ಷರವಿದೆ, ‘ನಾನು’ವಿಗಿಲ್ಲ, ಆದರೆ ಅಲ್ಲಿ ಮೇಜು, ಕುರ್ಚಿ ಸೇರಿದಂತೆ ಎಲ್ಲ ನಾಮಪದಗಳಿಗೂ ದೊಡ್ಡಕ್ಷರವೇ. ಡೇನಿಷ್ ಭಾಷೆಯಲ್ಲೂ ಹೀಗೆಯೇ ಇದ್ದ ಪದ್ಧತಿಯನ್ನು 1948ರಲ್ಲಿ ಕೈಬಿಟ್ಟರು. ಇದು ಆಯಾ ಭಾಷೆಯವರು ಮಾಡಿಕೊಂಡ ಒಪ್ಪಂದವೆಂದು ಮಕ್ಕಳಿಗೆ ತಿಳಿಸಲು ‘ದೊಡ್ಡ’ ಎಂಬ ಪದವೇ ಅಡ್ಡ ಬರುತ್ತಿದೆ.

ಯಾವಾಗ ಬಳಸಬೇಕೆಂಬುದನ್ನು ಕಲಿಸಲು ನಮ್ಮ ವ್ಯಾಕರಣದ ‘ಅಂಕಿತನಾಮ’ ಬಹಳ ನೆರವಾಗುತ್ತದೆ. ನದಿ ರೂಢನಾಮ, ಕಾವೇರಿ ಅಂಕಿತನಾಮ ಎಂದು ತಿಳಿದ ಮಗು ಅರ್ಧ ದಾರಿ ನಡೆದಂತೆಯೇ. ‘ಮದರ್’ ಎಂಬ ಪದ ಕೆಲವೆಡೆ ದೊಡ್ಡಕ್ಷರದಿಂದ, ಕೆಲವೆಡೆ ಚಿಕ್ಕಕ್ಷರದಿಂದ ಆರಂಭವಾಗುವುದನ್ನು ಸಹ ನಾನು ಕನ್ನಡದಲ್ಲೇ ವಿವರಿಸುತ್ತೇನೆ: ‘ಅಮ್ಮ ಕರೆದರು’ ಎಂಬಲ್ಲಿ ಅಮ್ಮನ ಜಾಗದಲ್ಲಿ ‘ಲಕ್ಷ್ಮಿ’ ಎಂದಿಟ್ಟರೆ ವಾಕ್ಯ ನಿಲ್ಲುತ್ತದೆ, ಆದ್ದರಿಂದ ಅದು ಹೆಸರಿನ ಕೆಲಸ ಮಾಡುತ್ತಿದೆ, ‘ನನ್ನ ಅಮ್ಮ ಶಿಕ್ಷಕಿ’ ಎಂಬಲ್ಲಿ ‘ನನ್ನ ಲಕ್ಷ್ಮಿ ಶಿಕ್ಷಕಿ’ ಎಂದರೆ ಕಿವಿಗೆ ಒಗ್ಗುವುದಿಲ್ಲ, ಆದ್ದರಿಂದ ಅಲ್ಲಿ ಅದು ಹೆಸರಲ್ಲ. ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ವಾರ ಮತ್ತು ತಿಂಗಳುಗಳಿಗೆ ದೊಡ್ಡಕ್ಷರವಿದ್ದು ಬೇಸಿಗೆ, ಚಳಿಗಾಲಗಳಿಗೆ ಇಲ್ಲದಿರುವುದನ್ನು ಮಾತ್ರ ಬಾಯಿಪಾಠವಾಗಿಯೇ ಕಲಿಸಬೇಕಾಗಿದೆ.

ಪರ್ಯಾಯ ಪದಗಳನ್ನು ಯೋಚಿಸಿದ್ದೇನೆ. ಕ್ಯಾಪಿಟಲ್ ಎಂಬುದರ ಮೂಲ ಲ್ಯಾಟಿನ್ನಿನಲ್ಲಿ ತಲೆ ಎಂಬರ್ಥದ ಪದ. ಅದನ್ನು ಅನುಸರಿಸಿ ‘ತಲೆಯಕ್ಷರ’ ಎನ್ನೋಣವೆಂದರೆ, ನಮ್ಮ ಅಕ್ಷರಗಳ ತಲೆಕಟ್ಟು ಕಲಿತ ಮಕ್ಕಳು ಎರಡನ್ನೂ ಬೆರೆಸಿಕೊಳ್ಳುತ್ತಾರೆ. ‘ಮೊದಲಕ್ಷರ’ ಎಂದರೆ ಪದವಿಡೀ ಅದೇ ಬಗೆಯಲ್ಲಿರುವಾಗ ಅರ್ಥ ಕೆಡುತ್ತದೆ, ಹೆಸರಿನ ಇನಿಶಿಯಲ್ ಎಂಬ ಅರ್ಥವೂ ಅದಕ್ಕೆ ಅಂಟಿಕೊಳ್ಳುತ್ತದೆ. ‘ದಪ್ಪಕ್ಷರ’ ಅಚ್ಚಿನಲ್ಲಿ ಕಪ್ಪಗೆ ಎದ್ದು ಕಾಣುವ ಅಕ್ಷರಕ್ಕೆ ಆಗಲೇ ಸಂದಿದೆ. ‘ಕ್ಯಾಪಿಟಲ್’ ಎಂದೇ ಉಳಿಸಿಕೊಂಡರೆ ಗಾತ್ರದ ಮತ್ತು ಗೌರವದ ತೊಡಕು ಎರಡೂ ತಪ್ಪುತ್ತವೆ. ಅದೇ ಪದ ರಾಜಧಾನಿ ಎಂಬ ಅರ್ಥದಲ್ಲಿ ಮುಂದೆ ಎದುರಾದಾಗ ಇನ್ನೊಮ್ಮೆ ಬಿಡಿಸಿ ಹೇಳಬೇಕಾದೀತು, ಆದರೂ ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ ಇದೆ.

ಆದ್ದರಿಂದ ತಮ್ಮಲ್ಲಿ ಎರಡು ಪ್ರಶ್ನೆಗಳು. ಗಾತ್ರವನ್ನಾಗಲಿ ಹಿರಿತನವನ್ನಾಗಲಿ ಸೂಚಿಸದ, ಮಕ್ಕಳ ಬಾಯಲ್ಲಿ ನಿಲ್ಲುವ ಕನ್ನಡ ಪದವೇನಾದರೂ ತಮ್ಮ ಊರಿನ ಶಾಲೆಗಳಲ್ಲಿ ಬಳಕೆಯಲ್ಲಿದೆಯೇ? ಕ್ಯಾಪಿಟಲ್ ಎಂಬುದನ್ನೇ ಉಳಿಸಿಕೊಳ್ಳುವುದಾದರೆ, ‘ದೊಡ್ಡಕ್ಷರ ಹಾಕು’ ಎಂಬಷ್ಟೇ ಸಲೀಸಾಗಿ ಮಕ್ಕಳಿಗೆ ಹೇಳಬಹುದಾದ ಕ್ರಿಯಾಪದ ಯಾವುದು?