ಇಬ್ಬರದೂ ಇ.ಆರ್. ಪಾಸಿಟಿವ್, ಗುಳಿಗಿ ಮಾತ್ರ ಬೇರೆ ಬೇರೆ ಯಾಕ್ರಿ?

ಪ್ರಶ್ನೆ (ಸಿಂಧನೂರು):
ಮೇಡಂ, ನಮಸ್ಕಾರ ರೀ. ನಮ್ಮತ್ತಿಗೆ 61 ವರ್ಷ. ಹೋದ ವರ್ಷ ಎದಿ ಕ್ಯಾನ್ಸರ್ ಗಂಟಿನ ಆಪರೇಷನ್ ಆತು, ಕಿಮೋನೂ ಮುಗೀತು. ರಿಪೋರ್ಟಿನ್ಯಾಗ ಇ.ಆರ್. ಪಾಸಿಟಿವ್, ಆಲ್‌ರೆಡ್ ಸ್ಕೋರ್ 8/8 ಅಂತ ಬರದಾರ. ದಿನಾ ಲೆಟ್ರೊಜೋಲ್ ಗುಳಿಗಿ ನಡದೈತಿ. ನಮ್ಮ ದೊಡ್ಡಮ್ಮನ ಮಗಳಿಗೂ ಅದೇ ರೋಗ, ಅದೇ ಪಾಸಿಟಿವ್, ವಯಸ್ಸು 41. ಆಕಿಗೆ ಟಮಾಕ್ಸಿಫೆನ್ ಕೊಟ್ಟಾರ. ಇಬ್ಬರೂ ಗುಳಿಗಿ ಚೀಟಿ ಹಿಡಕೊಂಡು ಚಿಂತಿ ಮಾಡಾಕತ್ತಾರ. ಒಬ್ಬರಿಗೆ ತಪ್ಪು ಕೊಟ್ಟಾರೇನು? ಮುಟ್ಟು ನಿಂತು ಹನ್ನೆರಡು ವರ್ಷ ಆದವರ ಮೈಯಾಗ ಈಸ್ಟ್ರೋಜನ್ ಎಲ್ಲಿಂದ ಬರ್ತೈತಿ ರೀ?

ಉತ್ತರ (ಪೆಥಾಲಜಿ ವೈದ್ಯೆ, ಬಳ್ಳಾರಿ):
ನೀವು ಬರೆದದ್ದನ್ನು ನೋಡಿದರೆ ಇಬ್ಬರ ಔಷಧವೂ ಅವರವರ ವಯಸ್ಸಿಗೆ ತಕ್ಕದ್ದೇ ಇದೆ, ತಂಗಿ. ಮೊದಲು ಈ ಮಾತನ್ನು ಮನೆಯಲ್ಲಿ ಹೇಳಿ, ಆಮೇಲೆ ಉಳಿದದ್ದು ಓದಿ.

ಇ.ಆರ್. ಅಂದರೆ ಈಸ್ಟ್ರೋಜನ್ ರಿಸೆಪ್ಟರ್. ಈಸ್ಟ್ರೋಜನ್ ಎನ್ನುವ ಹೆಣ್ಣಿನ ಹಾರ್ಮೋನನ್ನು ಹಿಡಿಯುವ, ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಒಂದು ಪ್ರೋಟೀನು ಅದು. ಅದಕ್ಕೆ ಬಣ್ಣ ಹಿಡಿಸಿದಾಗ ಸೂಕ್ಷ್ಮದರ್ಶಕದ ಕೆಳಗೆ ನ್ಯೂಕ್ಲಿಯಸ್ಸು ಕಂದಾಗಿ ಕಾಣುತ್ತದೆ. ಎಷ್ಟು ಕೋಶಗಳು ಕಂದಾಗಿವೆ ಎನ್ನುವುದಕ್ಕೆ 5ರವರೆಗೆ ಅಂಕ, ಬಣ್ಣ ಎಷ್ಟು ಗಾಢ ಎನ್ನುವುದಕ್ಕೆ 3ರವರೆಗೆ. ಎರಡೂ ಕೂಡಿದ್ದೇ ಆಲ್‌ರೆಡ್ ಸ್ಕೋರ್, ನಿಮ್ಮತ್ತೆಯದು 8.

ಹಾರ್ಮೋನು ಬರುವ ತನಕ ಈ ಪ್ರೋಟೀನು ಬೇರೆ ಪ್ರೋಟೀನುಗಳ ಕಾವಲಿನಲ್ಲಿ ಸುಮ್ಮನಿರುತ್ತದೆ. ಈಸ್ಟ್ರೋಜನ್ ಬಂದು ಅದರ ಗೂಡಿನಲ್ಲಿ ಕುಳಿತರೆ ಪ್ರೋಟೀನಿನ ತುದಿಯ ಹನ್ನೆರಡನೇ ಸುರುಳಿ ಡಬ್ಬಿಯ ಮುಚ್ಚಳದ ಹಾಗೆ ಗೂಡಿನ ಮೇಲೆ ಮುಚ್ಚಿಕೊಳ್ಳುತ್ತದೆ. ಆಗ ಎರಡು ರಿಸೆಪ್ಟರುಗಳು ಜೋಡಿಯಾಗಿ ಡಿ.ಎನ್.ಎ. ಹಿಡಿಯುತ್ತವೆ. ಮುಚ್ಚಳ ಬಿದ್ದಾಗ ಪಕ್ಕದಲ್ಲಿ ಒಂದು ತೋಡು ಮೂಡುತ್ತದಲ್ಲ, ಸಹಾಯಕ ಪ್ರೋಟೀನುಗಳು ಬಂದು ಕೂರುವುದು ಅಲ್ಲಿ. ಅವು ಬಂದರೇನೇ ‘ಕೋಶ ಬೆಳೆಯಲಿ’ ಎನ್ನುವ ವಂಶವಾಹಿಗಳು ಎಚ್ಚರಾಗುವುದು. ರಿಪೋರ್ಟಿನಲ್ಲಿ ಇ.ಆರ್. ಕೆಳಗೆ ಪಿ.ಆರ್., ಅಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್, ಅಂತಲೂ ಇರುತ್ತದೆ, ನೋಡಿ. ಆ ಪ್ರೋಟೀನನ್ನು ಮಾಡಿಸುವುದೇ ಈ ಈಸ್ಟ್ರೋಜನ್ ರಿಸೆಪ್ಟರು. ಪಿ.ಆರ್. ಕಂಡರೆ ಇ.ಆರ್. ಬರೀ ಇದೆ ಅಂತಲ್ಲ, ಕೆಲಸವನ್ನೂ ಮಾಡುತ್ತಿದೆ ಅಂತ ತಿಳಿಯುತ್ತದೆ.

ಟಮಾಕ್ಸಿಫೆನ್ ಅದೇ ಗೂಡಿನಲ್ಲಿ ಕೂರುತ್ತದೆ. ಆದರೆ ಅದಕ್ಕೊಂದು ಉದ್ದನೆಯ ಬಾಲವಿದೆ, ಮುಚ್ಚಳ ಮುಚ್ಚಲು ಬಿಡುವುದಿಲ್ಲ. ಮುಚ್ಚಳ ಸರಿದು ಆ ತೋಡಿನೊಳಗೇ ಬೀಳುತ್ತದೆ, ಸಹಾಯಕರಿಗೆ ಜಾಗ ಉಳಿಯುವುದಿಲ್ಲ. ಲೆಟ್ರೊಜೋಲ್ ರಿಸೆಪ್ಟರಿನ ತಂಟೆಗೇ ಹೋಗದು. ಮುಟ್ಟು ನಿಂತ ಮೇಲೆ ಅಂಡಾಶಯದ ಈಸ್ಟ್ರೋಜನ್ ನಿಲ್ಲುತ್ತದೆ ನಿಜ, ಆದರೆ ಅಡ್ರಿನಲ್ ಗ್ರಂಥಿಯಿಂದ ಬರುವ ಬೇರೆ ಹಾರ್ಮೋನನ್ನು ಕೊಬ್ಬು, ಸ್ನಾಯು, ಎದೆಯ ಅಂಗಾಂಶ ಇವೆಲ್ಲ ಈಸ್ಟ್ರೋಜನ್ ಆಗಿ ಬದಲಿಸುತ್ತಲೇ ಇರುತ್ತವೆ. ಆ ಬದಲಾವಣೆ ಮಾಡುವ ಅರೊಮಟೇಸ್ ಎನ್ನುವ ಕಿಣ್ವವನ್ನು ಲೆಟ್ರೊಜೋಲ್ ತಡೆಯುತ್ತದೆ. ನಿಮ್ಮ ಅಕ್ಕನಿಗೋ ತಂಗಿಗೋ, ಆ 41ರವರಿಗೆ, ಇದೊಂದನ್ನೇ ಕೊಟ್ಟರೆ ಈಸ್ಟ್ರೋಜನ್ ಇಳಿದದ್ದು ಮೆದುಳಿಗೆ ಗೊತ್ತಾಗಿ ಅಂಡಾಶಯವನ್ನು ಇನ್ನಷ್ಟು ದುಡಿಸುತ್ತದೆ. ಅದಕ್ಕೇ ಟಮಾಕ್ಸಿಫೆನ್. ಕೆಲವರಿಗೆ ಅಂಡಾಶಯವನ್ನು ಸುಮ್ಮನಾಗಿಸುವ ಇಂಜೆಕ್ಷನ್ ಕೊಟ್ಟು, ಅದರ ಜೊತೆ ಲೆಟ್ರೊಜೋಲ್ ಥರದ್ದನ್ನೂ ಕೊಡುತ್ತಾರೆ.

ಗ್ಲಾಸ್ಗೋದ ಬೀಟ್‌ಸನ್ ಎಂಬ ಸರ್ಜನ್ ಅಂಡಾಶಯ ತೆಗೆದಾಗ ಎದೆಯ ಗಡ್ಡೆ ಕರಗಿದ್ದನ್ನು 1896ರಲ್ಲೇ ಬರೆದರು. ಆಗ ಈಸ್ಟ್ರೋಜನ್ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ (ಗಂಗಾವತಿ):
ಮೇಡಂ, ನಮ್ಮಕ್ಕ ಆರು ವರ್ಷ ಒಂದು ದಿನಾನೂ ಗುಳಿಗಿ ತಪ್ಪಿಸಿಲ್ಲ. ಈಗ ಎಲುಬಿಗೆ ಬಂದೈತಿ. ಮತ್ತ ಬಯಾಪ್ಸಿ ಮಾಡಿದ್ರ ಈಗಲೂ ಇ.ಆರ್. ಪಾಸಿಟಿವ್. ರಿಸೆಪ್ಟರ್ ಐತಿ ಅಂದ್ಮ್ಯಾಲ ಔಷಧ ಯಾಕ ಹತ್ತಲಿಲ್ಲ?

ಉತ್ತರ:
ನಿಮ್ಮಕ್ಕನದೇನೂ ತಪ್ಪಿಲ್ಲ ಅಣ್ಣಾ. ಇದನ್ನು ಅವರಿಗೂ ಹೇಳಿ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಿತ್ತುಹೋದದ್ದು ನೀವು ಮರೆತಿರಲಿಕ್ಕಿಲ್ಲ. ಗೇಟು ಎತ್ತಿ ಅಂತ ಯಾರೂ ಹೇಳಿರಲಿಲ್ಲ, ನೀರು ಹೋಗುತ್ತಲೇ ಇತ್ತು. ರಿಸೆಪ್ಟರಿನಲ್ಲೂ ಹಾಗಾಗುತ್ತದೆ. ಅದರ ವಂಶವಾಹಿ ಇ.ಎಸ್.ಆರ್.1. ಅಲ್ಲಿ ಬದಲಾವಣೆಯಾಗಿ, ಮುಚ್ಚಳದ ಹತ್ತಿರದ 537 ಅಥವಾ 538ನೇ ಅಮೈನೋ ಆಮ್ಲ ಬೇರೆಯಾದರೆ, ಹಾರ್ಮೋನು ಇಲ್ಲದೆಯೂ ಮುಚ್ಚಳ ಮುಚ್ಚಿಯೇ ನಿಲ್ಲುತ್ತದೆ, ‘ಬೆಳೆಯಲಿ’ ಎನ್ನುವ ಸಂಕೇತ ಹೋಗುತ್ತಲೇ ಇರುತ್ತದೆ. ಲೆಟ್ರೊಜೋಲ್ ಥರದ ಔಷಧ ಬಹಳ ದಿನ ತೆಗೆದುಕೊಂಡು ರೋಗ ಮರಳಿದವರಲ್ಲಿ ಇದು ಹೆಚ್ಚು. ಇನ್ನು ಕೆಲವರಲ್ಲಿ ಹರ್2 ಥರದ ಬೆಳವಣಿಗೆಯ ಸಂಕೇತಗಳು ಒಳಗಿನಿಂದಲೇ ರಿಸೆಪ್ಟರಿಗೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತವೆ.

ದಾರಿ ಮುಗಿದಿಲ್ಲ. ಫುಲ್ವೆಸ್ಟ್ರಾಂಟ್ ಇಂಜೆಕ್ಷನ್ ರಿಸೆಪ್ಟರಿಗೇ ಅಂಟಿ, ಕೋಶ ತನ್ನ ಕಸದ ಜೊತೆ ಅದನ್ನೂ ಒಡೆದುಹಾಕುವಂತೆ ಮಾಡುತ್ತದೆ. ಕೋಶ ವಿಭಜನೆ ತಡೆಯುವ ಗುಳಿಗೆಗಳನ್ನು ಇದರ ಜೊತೆ ಕೊಡುವುದುಂಟು. ಆ ಬದಲಾವಣೆ ಇದೆಯೋ ಇಲ್ಲವೋ ಎಂದು ರಕ್ತದಲ್ಲೂ ನೋಡಬಹುದು. ಅದು ಬೇಕೇ ಅಂತ ನಿಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ಪ್ರಶ್ನೆ (ಕುಷ್ಟಗಿ):
ಸರ್ಜರಿ ಆದ ಮ್ಯಾಲ ನಮ್ಮ ಮನಿಯಾಕಿ ಇ.ಆರ್. ರಿಪೋರ್ಟ್ ನೆಗೆಟಿವ್ ಬಂದೈತಿ ರೀ. ಇದು ತಪ್ಪಿರಬಹುದಾ?

ಉತ್ತರ:
ಬಹಳ ಸಲ ಸರಿಯೇ ಇರುತ್ತದೆ. ಆದರೂ ನೀವು ಕೇಳಿದ್ದು ಒಳ್ಳೆಯದಾಯಿತು. ಕೆಲ ವರ್ಷದ ಹಿಂದೆ ಬೇರೆ ಊರಿನಿಂದ ನನಗೊಂದು ಗಡ್ಡೆ ಬಂತು. ಡಬ್ಬಿಯಲ್ಲಿದ್ದದ್ದು ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಅಲ್ಲ, ಬರೀ ಉಪ್ಪುನೀರು, ಸಲೈನ್. ಒಂದು ರಾತ್ರಿ ಹಾಗೇ ಇದ್ದಿತ್ತು. ಬಣ್ಣ ಹಿಡಿಯಲೇ ಇಲ್ಲ. ಪಕ್ಕದಲ್ಲಿದ್ದ ಸಹಜ ಗ್ರಂಥಿಗಳಿಗೂ ಹಿಡಿದಿರಲಿಲ್ಲ, ಅವಕ್ಕೆ ಹಿಡಿಯಲೇಬೇಕು. ಅದರಿಂದ ನನಗೆ ಅನುಮಾನ ಬಂತು. ಮೊದಲು ಮಾಡಿದ್ದ ಸೂಜಿ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ತರಿಸಿ ನೋಡಿದರೆ ಗಾಢವಾದ ಪಾಸಿಟಿವ್. ಆ ಹೆಣ್ಣುಮಗಳಿಗೆ ವರ್ಷಗಟ್ಟಲೆ ಬೇಕಾದ ಗುಳಿಗೆ ಒಂದು ಡಬ್ಬಿಯಿಂದ ತಪ್ಪಿಹೋಗುತ್ತಿತ್ತು. ಆ ದಿನ ಮನೆಗೆ ಹೋಗಿ ನನಗೆ ಊಟ ಸೇರಲಿಲ್ಲ.

ತೆಗೆದ ಗಡ್ಡೆ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ನಿಮ್ಮ ಡಾಕ್ಟರನ್ನು ಕೇಳಿ: ಗಡ್ಡೆ ಯಾವಾಗ ಫಾರ್ಮಲಿನ್‌ಗೆ ಹೋಯಿತು, ಸೂಜಿ ಬಯಾಪ್ಸಿಯ ಬ್ಲಾಕಿನಲ್ಲಿ ಇನ್ನೊಮ್ಮೆ ನೋಡಬಹುದೇ? ಕೇಳಲು ಹಿಂಜರಿಯಬೇಡಿ. ಬ್ಲಾಕ್ ಕೊಡಿ ಅಂತ ನೀವೇ ಕೇಳಬಹುದು.

ಪ್ರಶ್ನೆ (ಸಿಂಧನೂರು, ಮೊದಲಿನವರು):
ಅತ್ತಿಯವರಿಗೆ ಹೇಳಿದೆ ರೀ, ಸಮಾಧಾನ ಆತು. ಆ 41ರ ತಂಗಿ ಮಾತ್ರ ‘ಮೈ ಭಗ್ ಅಂತೈತಿ, ನಿದ್ದಿ ಇಲ್ಲ, ಬಿಟ್ಟುಬಿಡ್ತೀನಿ’ ಅಂತಾಳ.

ಉತ್ತರ:
ಬಿಡಬಾರದು. ಐದು ವರ್ಷವಾದರೂ ನಡೆಯಬೇಕಾದ ಔಷಧ ಅದು. ಬಿಟ್ಟರೆ ಆ ಗೂಡು ಮತ್ತೆ ಈಸ್ಟ್ರೋಜನ್ನಿಗೆ ತೆರವಾಗುತ್ತದೆ. ಮೈ ಬಿಸಿಗೆ ಬೇರೆ ಗುಳಿಗೆ ಇದೆ, ಡಾಕ್ಟರಿಗೆ ಹೇಳಲಿ. ಆದರೆ ನಿದ್ದೆಗೋ ಮನಸ್ಸಿನ ಬೇಸರಕ್ಕೋ ಬೇರೆಯವರು ಪ್ಯಾರಾಕ್ಸೆಟಿನ್ ಅಥವಾ ಫ್ಲೂಆಕ್ಸೆಟಿನ್ ಬರೆದುಕೊಟ್ಟರೆ ಟಮಾಕ್ಸಿಫೆನ್ ನಡೆದಿದೆ ಅಂತ ಹೇಳಲೇಬೇಕು. ಟಮಾಕ್ಸಿಫೆನ್ನನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಯಕೃತ್ತಿನ ಕಿಣ್ವವನ್ನು ಅವು ತಡೆಯುತ್ತವೆ. ಮುಟ್ಟಿನಲ್ಲಿ ಏರುಪೇರಾಗಿ ರಕ್ತ ಹೆಚ್ಚು ಹೋದರೂ ತೋರಿಸಲಿ, ಗರ್ಭಕೋಶದಲ್ಲಿ ಇದೇ ಔಷಧ ಸ್ವಲ್ಪ ಈಸ್ಟ್ರೋಜನ್ನಿನ ಹಾಗೇ ವರ್ತಿಸುತ್ತದೆ. ನಿಮ್ಮತ್ತೆಗೆ ಎಲುಬಿನ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದೀರಾ? ಲೆಟ್ರೊಜೋಲಿನಿಂದ ಎಲುಬು ಸವೆಯುತ್ತದೆ. ಮುಂದಿನ ಸಲ ಹೋದಾಗ ನೀವೇ ನೆನಪು ಮಾಡಿ.