ಸಹಾಯ ಬೇಕು: ದುರ್ಗದ ಕೋಟೆಯಲ್ಲಿ ವಿಷ್ಣು ಅಭಿಮಾನಿಗಳ ಒಂದು ದಿನ

ನಮಸ್ಕಾರ ಗೆಳೆಯರೇ. ಸೆಪ್ಟೆಂಬರ್ 18 ನಟ ವಿಷ್ಣುವರ್ಧನ್, ನಮ್ಮ ವಿಷ್ಣು ದಾದಾ ಹುಟ್ಟುಹಬ್ಬ, ಗೊತ್ತೇ ಇದೆ ಅಲ್ವಾ. ಅದರ ಮುಂದಿನ ಭಾನುವಾರ ದಾವಣಗೆರೆಯಿಂದ ನಾವು ಹದಿನೈದು ಜನ ಚಿತ್ರದುರ್ಗದ ಕೋಟೆಗೆ ಹೊರಟಿದ್ದೇವೆ. ಬ್ಯಾನರ್, ಹಾರ, ಮೈಕ್ ಏನೂ ಇಲ್ಲ. ಸುಮ್ನೆ ಓಬವ್ವನ ಕಿಂಡಿ, ಅಕ್ಕ-ತಂಗಿ ಹೊಂಡ ಅಂತ ಸುತ್ತಾಡುವುದು, ಮಾತಾಡುವುದು.

ಮೊದಲ ಸಹಾಯ: ದಾದಾ ರಾಮಾಚಾರಿಯಾಗಿ ನಟಿಸಿದ 1972ರ ‘ನಾಗರಹಾವು’ ಸಿನಿಮಾದ ಶೂಟಿಂಗ್ ಆದ ಜಾಗಗಳನ್ನು ತೋರಿಸುವವರು ಬೇಕು. ಹೋದ ಸಲ ನಾಲ್ಕು ಜನ ಹೋಗಿದ್ದೆವು. ರಾಮಾಚಾರಿ ನಿಂತ ಬಂಡೆ ಇದೇ ಅಂತ ಒಬ್ಬ, ಅಲ್ಲ ಆಚೆಯದು ಅಂತ ಇನ್ನೊಬ್ಬ. ಮೊಬೈಲಿನಲ್ಲಿ ಹಾಡು ಹಾಕಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಚಾರ್ಜ್ ಮುಗಿಯಿತು, ಜಗಳ ಮುಗಿಯಲಿಲ್ಲ. ಅವತ್ತು ಶೂಟಿಂಗ್ ಕಣ್ಣಾರೆ ನೋಡಿದ ದುರ್ಗದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹೇಳಿ. ಹತ್ತಿಸುವುದು ಬೇಡ, ಕೆಳಗೆ ಬಾಗಿಲ ಹತ್ತಿರ ಕೂತು ಹೇಳಿದರೂ ಸಾಕು.

ಇನ್ನೊಂದು, ಸಂಜೆಗೆ ಕೂರುವ ಜಾಗ. ಐದಾರು ಜನ ಬಿಯರ್ ಪಾರ್ಟಿ, ಉಳಿದವರು ಮಂಡಕ್ಕಿ-ಮಿರ್ಚಿ ಗಿರಾಕಿಗಳು. ಇಬ್ಬರು ಅಕ್ಕಂದಿರೂ ಇದ್ದಾರೆ. ಹೊಗೆ, ಗಲಾಟೆ ಜಾಸ್ತಿ ಇಲ್ಲದ ಬಾರ್ ಅಂಡ್ ರೆಸ್ಟೋರೆಂಟ್ ದುರ್ಗದಲ್ಲಿ ಗೊತ್ತಿದೆಯಾ? ವಾಪಸ್ ಬರಲು ಸುಮಾರು 60 ಕಿಲೋಮೀಟರ್ ಹೆದ್ದಾರಿ. ಕುಡಿದವರ ಕೈಗೆ ಗಾಡಿ ಕೊಡಲ್ಲ, ಅದಕ್ಕೇ ಡ್ರೈವರ್ ಸಮೇತ ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆಗೆ ಹುಡುಕುತ್ತಿದ್ದೇನೆ. ನ್ಯಾಯವಾದ ರೇಟ್ ಎಷ್ಟು ಅಂತ ತಿಳಿಸಿ.

ಬರುವವರು ಕಾಮೆಂಟ್ ಹಾಕಿ. ಕೋಟೆಯೊಳಗೆ ಬಾಟಲಿ ತರುವವರು ಮಾತ್ರ ಬೇಡ. ಕೈಯಲ್ಲಿ ತಿಂಡಿ ಕವರ್ ಹಿಡಿಯುವವರು ಕೋತಿಗಳ ಜೊತೆ ನೀವೇ ಮಾತಾಡಿಕೊಳ್ಳಿ.