ಸಿಯೋಲ್‌ನಲ್ಲಿ ಕೊರಿಯನ್ ಕಲಿಯುವ ಒಂದು ವರ್ಷ: ಹೋಗಿ ಬಂದವರು ಹೇಳಿದ್ದು

ಕೇಳಿದವರು, ದಾವಣಗೆರೆ

ಬಿ.ಕಾಂ. ಮುಗಿದಿದೆ. ಸೆಪ್ಟೆಂಬರ್‌ನಲ್ಲಿ ಸಿಯೋಲ್‌ಗೆ ಹೋಗಿ ಒಂದು ವರ್ಷ ಕೊರಿಯನ್ ಕಲಿಯಬೇಕು ಅಂತಿದ್ದೇನೆ. ಸದ್ಯಕ್ಕೆ ಅಕ್ಷರ ಓದೋಕೆ ಬರುತ್ತದೆ, ಅಷ್ಟೇ. ನಾವು ಸಸ್ಯಾಹಾರಿಗಳು, ಅಮ್ಮನಿಗೆ ನನ್ನ ಊಟದ್ದೇ ಚಿಂತೆ. ಅಲ್ಲಿ ಇದ್ದು ಬಂದವರು, ಈಗ ಇರುವವರು ನಿಮ್ಮ ಅನುಭವ ಹೇಳುತ್ತೀರಾ?

ಎರಡು ವರ್ಷ ಅಲ್ಲಿದ್ದವಳು, ಈಗ ಮೈಸೂರು

ಮೊದಲು ಭಾಷೆಯ ವಿಷಯ ಹೇಳಿಬಿಡುತ್ತೇನೆ. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನೋಟ್ಸ್ ಕನ್ನಡದಲ್ಲೇ ಬರೆದುಕೊಳ್ಳಿ.

ಶುರುವಿನಲ್ಲಿ ನಾನು ಪ್ರತಿ ವಾಕ್ಯವನ್ನೂ ಇಂಗ್ಲಿಷ್‌ಗೆ ತಿರುಗಿಸಿ, ಹಿಂದುಮುಂದು ಮಾಡಿ ಒದ್ದಾಡುತ್ತಿದ್ದೆ. ಒಂದು ದಿನ ಮಾರ್ಕೆಟ್‌ನಲ್ಲಿ ಬಂಚನ್ ಮಾರುವ ಅಂಗಡಿ ಮುಂದೆ ನಿಂತಿದ್ದೆ. ಬಂಚನ್ ಅಂದರೆ ಅನ್ನದ ಜೊತೆ ನೆಂಚಿಕೊಳ್ಳುವ ಪಲ್ಯ, ಉಪ್ಪಿನಕಾಯಿ ಥರದ್ದು. ಅಂಗಡಿಯ ಅಜ್ಜಿ ಎಳ್ಳೆಣ್ಣೆ ಹಾಕಿ ಕಲಸಿದ ಪಾಲಕ್ ಸೊಪ್ಪನ್ನು ಒಂದು ಚಿಟಿಕೆ ಎತ್ತಿ ನನ್ನ ಬಾಯಿ ಹತ್ತಿರ ಹಿಡಿದು "ಮೊಗೊ ಬ್ವಾ" ಅಂದರು. ಮೊಗೊ ಅಂದರೆ ತಿಂದು. ಬ್ವಾ ಅಂದರೆ ನೋಡು. ತಿಂದು ನೋಡು! ನಮ್ಮಜ್ಜಿಯೂ ಹೀಗೇ ಹೇಳುತ್ತಿದ್ದರು ಅಲ್ವಾ? ಅಲ್ಲೇ ಕಣ್ಣು ತುಂಬಿ ಬಂತು.

ಆಮೇಲೆ ಎಲ್ಲ ಕಡೆ ಅದೇ ಕಾಣಿಸತೊಡಗಿತು. "ಹೆ ಜುಸೆಯೊ" ಅಂದರೆ ಮಾಡಿ ಕೊಡಿ. "ಮೊಗೊ ಬೊರ್ಯೊಸ್ಸೊಯೊ" ಅಂದರೆ ತಿಂದುಬಿಟ್ಟೆ. "ಜಿಬೆ ಗಾಯೊ" ಅನ್ನುವಾಗ ಜಿಪ್ ಮನೆ, ಕೊನೆಯ ಎ ನಮ್ಮ "ಗೆ", ಗಾಯೊ ಹೋಗುತ್ತೇನೆ. ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ. ಅಪ್ಪನನ್ನು ಕರೆಯೋದೂ "ಅಪ್ಪಾ" ಅಂತಲೇ. ದೊಡ್ಡವರಿಗೆ ಒಂದು ಮಾತು, ಓರಗೆಯವರಿಗೆ ಇನ್ನೊಂದು ಅನ್ನೋದು ನಮಗೆ ಹೊಸದಲ್ಲ. ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಜೊತೆ ಯಾವ ಥರ ಮಾತಾಡಬೇಕು ಅಂತ ತಿಳಿಯೋಕೆ ಅದು.

ಕಷ್ಟ ಎಲ್ಲಿ ಅಂದರೆ ಉಚ್ಚಾರಣೆಯಲ್ಲಿ. ಬೆಂಕಿಗೆ ಪುಲ್, ಹುಲ್ಲಿಗೆ ಉಸಿರು ಬಿಟ್ಟು ಫುಲ್, ಕೊಂಬಿಗೆ ಒತ್ತಿ ಪ್ಪುಲ್. ಬಾಯಿ ಮುಂದೆ ತೆಳು ಕಾಗದ ಹಿಡಿದು ಅಭ್ಯಾಸ ಮಾಡಿ. ಉಸಿರು ಬಿಡುವ ಅಕ್ಷರಕ್ಕೆ ಮಾತ್ರ ಅದು ಚೆನ್ನಾಗಿ ಅಲುಗಬೇಕು. ಕೋರ್ಸಿನ ಮೂರನೇ ಹಂತಕ್ಕೆ ಬಂದಾಗ ಚೀನಿ ಮೂಲದ ಪದಗಳು ಜಾಸ್ತಿಯಾಗುತ್ತವೆ. ಚೀನಾ, ಜಪಾನಿನ ಸಹಪಾಠಿಗಳಿಗೆ ಅವು ಸುಲಭ, ನಾವು ಹಿಂದೆ ಬೀಳುತ್ತೇವೆ. ಆಗ ಧೈರ್ಯ ಕಳೆದುಕೊಳ್ಳಬೇಡಿ. ವಿದ್ಯಾರ್ಥಿ, ವಿದ್ಯಾಲಯದಲ್ಲಿ "ವಿದ್ಯಾ" ಇದ್ದ ಹಾಗೆ ಅಲ್ಲಿ "ಹಕ್" ಇದೆ: ಹಕ್‌ಸೆಂಗ್ ವಿದ್ಯಾರ್ಥಿ, ಹಕ್ಯೊ ಶಾಲೆ, ತೆಹಕ್ ಕಾಲೇಜು. ಹೀಗೆ ಗುಂಪು ಮಾಡಿ ಕಲಿತರೆ ನೆನಪಿರುತ್ತದೆ.

ತರಗತಿ ಸಾಮಾನ್ಯವಾಗಿ 10 ವಾರದ ಟರ್ಮ್, ದಿನಕ್ಕೆ 4 ಗಂಟೆ, ಒಟ್ಟು 6 ಹಂತ. ಹಾಜರಿ ತುಂಬಾ ಮುಖ್ಯ, ಅದು ಕಡಿಮೆಯಾದರೆ ವೀಸಾಕ್ಕೂ ತೊಂದರೆ. ಭಾಷೆ ಕಲಿಯೋಕೆ ಹೋಗುವವರಿಗೆ ಕೊಡುವ ಡಿ-4 ವೀಸಾದಲ್ಲಿ ಮೊದಲ 6 ತಿಂಗಳು ಪಾರ್ಟ್‌ಟೈಮ್ ಕೆಲಸ ಮಾಡುವ ಹಾಗಿಲ್ಲ. ಅಷ್ಟು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.

ಹುಬ್ಬಳ್ಳಿಯವನು, ಸಸ್ಯಾಹಾರಿ

ಅಮ್ಮನಿಗೆ ಹೇಳಿ, ಉಪವಾಸ ಬೀಳೋದಿಲ್ಲ. ಆದರೆ ಎಚ್ಚರ ಬೇಕು. "ಗೋಗಿ ಪ್ಪೆ ಜುಸೆಯೊ" ಅಂದರೆ ಮಾಂಸ ತೆಗೆದು ಕೊಡಿ. ಅಷ್ಟೇ ಹೇಳಿದರೆ ಸಾಲದು. ನಾನು ಹಾಗೆ ಹೇಳಿ ತರಿಸಿದ ಕಿಂಬಾಪ್‌ನಲ್ಲಿ (ಕಡಲ ಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ) ಹ್ಯಾಮ್, ಅಂದರೆ ಹಂದಿ ಮಾಂಸ ಇತ್ತು. ಹ್ಯಾಮ್, ಮೀನು, ಮೊಟ್ಟೆ ಅಂತ ಒಂದೊಂದನ್ನೂ ಬಿಡಿಸಿ ಹೇಳಬೇಕು. ಸಾರಿನಂಥ ಪದಾರ್ಥಗಳಿಗೆ ಮ್ಯೊಲ್ಚಿ ಅನ್ನುವ ಒಣಮೀನು ಕುದಿಸಿದ ನೀರು ಹಾಕುತ್ತಾರೆ. ಹುದುಗಿಸಿದ ತರಕಾರಿಯ ಕಿಮ್ಚಿಗೂ ಬಹಳ ಸಲ ಮೀನಿನ ಇಲ್ಲವೇ ಸಿಗಡಿಯ ಸಾಸ್ ಬಿದ್ದಿರುತ್ತದೆ.

ನನ್ನನ್ನು ಕಾಪಾಡಿದ್ದು ಅನ್ನಕ್ಕೆ ತರಕಾರಿ ಹಾಕಿ ಕಲಸಿ ತಿನ್ನುವ ಬಿಬಿಂಬಾಪ್, ತೋಫು, ಮತ್ತೆ ರೂಮಿನ ಅಡುಗೆ. ತೊಗರಿಬೇಳೆ, ಸಾಸಿವೆ ಸಿಯೋಲ್‌ನ ಇಟೆವೊನ್ ಬಡಾವಣೆಯ ಅಂಗಡಿಗಳಲ್ಲಿ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯಿಂದಲೇ ಒಯ್ಯಿರಿ. ಅಲ್ಲಿನ ಅಂಟು ಅಕ್ಕಿಗೆ ಮೊಸರನ್ನ ಬಹಳ ಚಲೋ ಆಗುತ್ತದೆ. ಕುಕ್ಕರ್ ಒಯ್ಯುವುದಾದರೆ ಇಂಡಕ್ಷನ್‌ಗೆ ಆಗುವಂಥದ್ದೇ ಇರಲಿ.

ಈಗ ಸಿಯೋಲ್‌ನಲ್ಲಿರುವವಳು

ನಾನು ಗೋಶಿವೊನ್‌ನಲ್ಲಿದ್ದೇನೆ, ಅಂದರೆ ಪುಟ್ಟ ಪುಟ್ಟ ಒಂಟಿ ರೂಮುಗಳ ಬಾಡಿಗೆ ವಸತಿ. ದೊಡ್ಡ ಠೇವಣಿ ಕೊಡಬೇಕಾಗಲಿಲ್ಲ, ಅದಕ್ಕೇ ಹಿಡಿದೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಕಿಟಕಿ ಇರುವ ರೂಮಿಗೆ ಸ್ವಲ್ಪ ಜಾಸ್ತಿ ಬಾಡಿಗೆ. ದಯವಿಟ್ಟು ಕೊಡಿ. ಕಿಟಕಿ ಇಲ್ಲದ ರೂಮಿನಲ್ಲಿ ಎರಡು ತಿಂಗಳು ಇದ್ದೆ, ಬೆಳಗಾಯಿತೋ ಇಲ್ಲವೋ ಅನ್ನೋದೇ ತಿಳಿಯುತ್ತಿರಲಿಲ್ಲ.

ಕಸದ ನಿಯಮ ಮೊದಲ ವಾರವೇ ಕಲಿಯಿರಿ. ಆಯಾ ವಾರ್ಡಿನ ಹೆಸರಿರುವ ಚೀಲ ದುಡ್ಡು ಕೊಟ್ಟು ಕೊಳ್ಳಬೇಕು. ಉಳಿದ ಅನ್ನ, ಪಲ್ಯ ಬೇರೆ ಹಾಕಬೇಕು, ಆದರೆ ಮಾವಿನ ಓಟೆ, ಮೊಟ್ಟೆ ಸಿಪ್ಪೆ ಅದರಲ್ಲಿ ಹಾಕುವಂತಿಲ್ಲ. 90 ದಿನದ ಒಳಗೆ ವಿದೇಶಿಯರ ನೋಂದಣಿ ಮಾಡಿಸಿ. ದಾರಿ ಹುಡುಕೋಕೆ ನೇವರ್ ಮ್ಯಾಪ್ ಹಾಕಿಕೊಳ್ಳಿ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಫೋನ್ ಯಾವಾಗ ಮಾಡ್ತೀಯ ಅಂತ ಕೇಳುತ್ತಿದ್ದಾರೆ.

ಎರಡು ವರ್ಷ ಅಲ್ಲಿದ್ದವಳು, ಈಗ ಮೈಸೂರು

ಅಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಳಗಿನ ಬ್ಯಾಚ್ ಸಿಕ್ಕರೆ ಒಂದು ಗಂಟೆಗೆ ಕ್ಲಾಸ್ ಬಿಡುತ್ತದೆ, ಆಗ ನಿಮ್ಮ ಮನೆಯಲ್ಲಿ ಒಂಬತ್ತೂವರೆ. ಅಮ್ಮ ತಿಂಡಿ ಮುಗಿಸಿ ಕೂತಿರುತ್ತಾರೆ. ನಾನು ಎರಡು ವರ್ಷವೂ ಆ ಹೊತ್ತಿಗೇ ಮಾಡುತ್ತಿದ್ದೆ, ಬಸ್ ಸ್ಟಾಪಿಗೆ ನಡೆಯುತ್ತಾ.